ಸೈರಾಟ್ ಚಲನಚಿತ್ರದ ಉಪಶೀರ್ಷಿಕೆಗಳು ಮತ್ತು ಮರುನಿರ್ಮಾಣಗಳು

‘ಸೈರಾಟ್’ 2016ರ ಏಪ್ರಿಲ್ 29ರಂದು ತೆರೆಕಂಡ ಮರಾಠಿ ಚಲನಚಿತ್ರ. ಇದರ ನಿರ್ದೇಶಕರು ನಾಗರಾಜ ಮಂಜುಳೆ. ಬೇರೆ ಬೇರೆ ಜಾತಿಗೆ ಸೇರಿದ ಇಬ್ಬರು ಹದಿಹರೆಯದ ವಿದ್ಯಾರ್ಥಿಗಳ ಪ್ರೇಮ ಮತ್ತು ಅದರ ದುರಂತ ಈ ಚಿತ್ರದ ವಸ್ತು. ಉಪಶೀರ್ಷಿಕೆಗಳ ನೆರವಿನಿಂದ ಅನ್ಯಭಾಷಿಕರನ್ನು ತಲುಪಿದ ಈ ಚಿತ್ರವು 2017 ಮತ್ತು 2018ರಲ್ಲಿ ಕನ್ನಡ, ಪಂಜಾಬಿ, ಒಡಿಯಾ, ಬಂಗಾಳಿ ಹಾಗೂ ಹಿಂದಿ ಭಾಷೆಗಳಲ್ಲಿ ಮರುನಿರ್ಮಾಣಗೊಂಡಿತು. ಕನ್ನಡದ ಅವತರಣಿಕೆಯ ಹೆಸರು ‘ಮನಸು ಮಲ್ಲಿಗೆ’. ಒಂದು ಪ್ರದೇಶದ ಆಡುಮಾತು ಮತ್ತು ಜಾತಿವ್ಯವಸ್ಥೆಯಲ್ಲಿ ಬೇರೂರಿದ ಕಥೆಯು ಭಾಷೆ ಬದಲಾದಾಗ ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಕಳೆದುಕೊಳ್ಳುತ್ತದೆ ಎಂಬುದಕ್ಕೆ ಈ ಚಿತ್ರ ಸಮೂಹವು ಉತ್ತಮ ನಿದರ್ಶನವಾಗಿದೆ.

ಮೂಲ ಚಿತ್ರ

ಚಿತ್ರದ ಕಥೆ ನಡೆಯುವುದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಗ್ರಾಮೀಣ ಪರಿಸರದಲ್ಲಿ. ನಿರ್ದೇಶಕರು ಅದೇ ಜಿಲ್ಲೆಯ ಕರಮಾಳಾ ತಾಲ್ಲೂಕಿನವರು. ನಾಯಕಿ ಅರ್ಚನಾ ಪಾಟೀಲ ಅಥವಾ ಆರ್ಚಿ, ಊರಿನ ಬಲಾಢ್ಯ ಜಮೀನ್ದಾರ ಹಾಗೂ ರಾಜಕಾರಣಿಯ ಮಗಳು. ನಾಯಕ ಪ್ರಶಾಂತ ಕಾಳೆ ಅಥವಾ ಪರ್ಶ್ಯಾ, ಮೀನು ಹಿಡಿದು ಬದುಕುವ ಕೆಳಜಾತಿಯ ಕುಟುಂಬದ ಹುಡುಗ. ಈ ಪಾತ್ರಗಳಲ್ಲಿ ಹೊಸಬರಾದ ರಿಂಕು ರಾಜಗುರು ಮತ್ತು ಆಕಾಶ್ ಠೋಸರ್ ಅಭಿನಯಿಸಿದ್ದಾರೆ. ಚಿತ್ರೀಕರಣದ ಕಾಲದಲ್ಲಿ ರಿಂಕು ಇನ್ನೂ ಶಾಲಾ ವಿದ್ಯಾರ್ಥಿನಿ. ಈ ಪಾತ್ರಕ್ಕಾಗಿ ಅವರಿಗೆ 63ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ವಿಶೇಷ ಉಲ್ಲೇಖ ದೊರೆಯಿತು.

ಬುಲೆಟ್ ಮೋಟಾರ್‌ಸೈಕಲ್ಲನ್ನೂ ಟ್ರ್ಯಾಕ್ಟರನ್ನೂ ನಿರ್ಭೀತಿಯಿಂದ ಓಡಿಸುವ ಆರ್ಚಿ, ಪರ್ಶ್ಯಾನೊಡನೆ ಹೈದರಾಬಾದಿಗೆ ಓಡಿಹೋಗುತ್ತಾಳೆ. ಅಲ್ಲಿ ಸುಮನ್ ಅಕ್ಕ ಎಂಬಾಕೆ ಅವರಿಗೆ ಆಶ್ರಯ ನೀಡುತ್ತಾಳೆ. ದುಡಿದು, ಜಗಳವಾಡಿ, ಮತ್ತೆ ಒಂದಾಗಿ ಇಬ್ಬರೂ ಸಂಸಾರ ಕಟ್ಟಿಕೊಳ್ಳುತ್ತಾರೆ. ಕೆಲವು ವರ್ಷಗಳ ಅನಂತರ ತವರಿನ ಉಡುಗೊರೆಗಳೊಡನೆ ಬಂದ ಆರ್ಚಿಯ ಸೋದರ ಮತ್ತು ಬಂಧುಗಳು ದಂಪತಿಗಳನ್ನು ಕೊಲ್ಲುತ್ತಾರೆ. ಇದು ಮರಾಠಿಯಲ್ಲಿ ನೂರು ಕೋಟಿ ರೂಪಾಯಿ ಗಳಿಕೆಯನ್ನು ದಾಟಿದ ಮೊದಲ ಚಿತ್ರವೆನಿಸಿತು. ಅಜಯ್-ಅತುಲ್ ಸಂಗೀತದ ‘ಝಿಂಗಾಟ್’ ಹಾಡು ಮರಾಠಿ ಬಾರದವರಲ್ಲಿಯೂ ಪ್ರಚಾರ ಪಡೆಯಿತು.

ಉಪಶೀರ್ಷಿಕೆಯ ಮಿತಿಗಳು

ಉಪಶೀರ್ಷಿಕೆಯು ಕಣ್ಣಿನಿಂದ ಓದಬೇಕಾದ ಮಾತು. ಸಾಮಾನ್ಯವಾಗಿ ಅದಕ್ಕೆ ಪರದೆಯ ಕೆಳಭಾಗದಲ್ಲಿ ಎರಡು ಸಾಲುಗಳಷ್ಟು ಜಾಗವೂ ಕೆಲವೇ ಕ್ಷಣಗಳ ಅವಧಿಯೂ ಇರುತ್ತವೆ. ಆದ್ದರಿಂದ ಅನುವಾದಕನು ಮಾತನ್ನು ಸಂಕ್ಷೇಪಿಸಲೇಬೇಕಾಗುತ್ತದೆ. ಸೈರಾಟ್‌ನಂತಹ ಚಿತ್ರದಲ್ಲಿ ಈ ಸಂಕ್ಷೇಪದಿಂದ ಮುಖ್ಯವಾಗಿ ನಾಲ್ಕು ಅಂಶಗಳು ಮರೆಯಾಗುತ್ತವೆ.

ಮೊದಲನೆಯದು ಪ್ರಾದೇಶಿಕ ಆಡುಮಾತು. ಚಿತ್ರದ ಸಂಭಾಷಣೆ ಪುಣೆಯ ಶಿಷ್ಟ ಮರಾಠಿಯಲ್ಲಿಲ್ಲ. ಸೊಲ್ಲಾಪುರ ಭಾಗದ ಹಳ್ಳಿಯ ಮಾತಿನಲ್ಲಿದೆ. ಇಂಗ್ಲಿಷ್ ಉಪಶೀರ್ಷಿಕೆಯಲ್ಲಿ ಎಲ್ಲ ಪಾತ್ರಗಳೂ ಒಂದೇ ಬಗೆಯ ಭಾಷೆಯನ್ನು ಆಡುವಂತೆ ತೋರುತ್ತದೆ.

ಎರಡನೆಯದು ಸಂಬೋಧನೆ. ಕನ್ನಡದ ‘ನೀನು’ ಮತ್ತು ‘ನೀವು’ಗಳಂತೆ ಮರಾಠಿಯಲ್ಲಿಯೂ ಏಕವಚನ ಮತ್ತು ಗೌರವವಾಚಕ ರೂಪಗಳಿವೆ. ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂಬುದರಲ್ಲಿಯೇ ಅಂತಸ್ತು ಪ್ರಕಟವಾಗುತ್ತದೆ. ಇಂಗ್ಲಿಷಿನ ಒಂದೇ ಸರ್ವನಾಮದಲ್ಲಿ ಈ ಭೇದ ಅಳಿದುಹೋಗುತ್ತದೆ.

ಮೂರನೆಯದು ಅಡ್ಡಹೆಸರು. ಚಿತ್ರದಲ್ಲಿ ಜಾತಿಯನ್ನು ಕುರಿತ ನೇರವಾದ ಭಾಷಣಗಳು ಕಡಿಮೆ. ಪಾಟೀಲ, ಕಾಳೆ, ಲೋಖಂಡೆ ಎಂಬ ಹೆಸರುಗಳು ಆ ಕೆಲಸವನ್ನು ಮಾಡುತ್ತವೆ. ಆರ್ಚಿಯ ಸೋದರ ಪ್ರಿನ್ಸ್ ತರಗತಿಯಲ್ಲಿಯೇ ಅಧ್ಯಾಪಕ ಲೋಖಂಡೆಯವರ ಕೆನ್ನೆಗೆ ಹೊಡೆಯುವ ದೃಶ್ಯವಿದೆ. ಅಧ್ಯಾಪಕರ ಹೆಸರನ್ನು ಕೇಳಿದೊಡನೆಯೇ ಮರಾಠಿ ಪ್ರೇಕ್ಷಕರು ಅವರ ಸಾಮಾಜಿಕ ಹಿನ್ನೆಲೆಯನ್ನು ಊಹಿಸಿಕೊಳ್ಳುತ್ತಾರೆ. ಉಪಶೀರ್ಷಿಕೆಯನ್ನು ಮಾತ್ರ ಓದುವ ಹೊರಗಿನ ಪ್ರೇಕ್ಷಕರಿಗೆ ಅದು ಪುಂಡ ವಿದ್ಯಾರ್ಥಿಯೊಬ್ಬನ ಉದ್ಧಟತನವಾಗಿ ಮಾತ್ರ ಕಾಣಬಹುದು.

ನಾಲ್ಕನೆಯದು ಭಾಷೆಯನ್ನೇ ವಸ್ತುವಾಗಿಸಿಕೊಂಡ ಸನ್ನಿವೇಶಗಳು. ಮರಾಠಿಯಲ್ಲಿ ಹೇಳಿದ್ದು ತಿಳಿಯದಿದ್ದರೆ ಇಂಗ್ಲಿಷಿನಲ್ಲಿ ಹೇಳಲೇ ಎಂದು ಆರ್ಚಿ ಗದರುವ ಮಾತು ಬಹಳ ಜನಪ್ರಿಯವಾಯಿತು. ಇಡೀ ಸಂಭಾಷಣೆಯನ್ನು ಇಂಗ್ಲಿಷಿನಲ್ಲಿಯೇ ಓದುತ್ತಿರುವವರಿಗೆ ಈ ಮಾತಿನ ಮೊನಚು ತಾಗುವುದಿಲ್ಲ. ಹೈದರಾಬಾದಿನ ಭಾಗದಲ್ಲಿಯೂ ಇದೇ ತೊಡಕಿದೆ. ತೆಲುಗು ಕಿವಿಗೆ ಬಿದ್ದಾಗ ಆರ್ಚಿಗೆ ಆಗುವ ಕಂಗಾಲು ಮರಾಠಿ ಪ್ರೇಕ್ಷಕರಿಗೂ ಆಗುತ್ತದೆ. ಅವಳು ಕ್ರಮೇಣ ತೆಲುಗನ್ನು ಕಲಿಯುವುದು ಅವಳ ಬೆಳವಣಿಗೆಯ ಗುರುತಾಗುತ್ತದೆ. ಎರಡು ಭಾಷೆಗಳೂ ಒಂದೇ ಇಂಗ್ಲಿಷಿಗೆ ಇಳಿದಾಗ ಆ ದಾರಿ ಅಸ್ಪಷ್ಟವಾಗುತ್ತದೆ.

ಕರ್ನಾಟಕದಲ್ಲಿ ಎಲ್ಲ ಪ್ರೇಕ್ಷಕರ ಸ್ಥಿತಿಯೂ ಒಂದೇ ಅಲ್ಲ. ಸೊಲ್ಲಾಪುರ ಜಿಲ್ಲೆಯು ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡಿದೆ. ಅಕ್ಕಲಕೋಟೆಯಂತಹ ತಾಲ್ಲೂಕುಗಳಲ್ಲಿ ಕನ್ನಡಿಗರ ನೆಲೆಯೂ ಇದೆ. ಗಡಿಭಾಗದ ದ್ವಿಭಾಷಿಕರು ಮರಾಠಿಯನ್ನು ನೇರವಾಗಿ ಅರಿಯಬಲ್ಲರು. ಪಾಟೀಲ ಎಂಬ ಹೆಸರು ಉತ್ತರ ಕರ್ನಾಟಕದಲ್ಲಿಯೂ ಊರಿನ ಯಜಮಾನಿಕೆಯನ್ನು ಸೂಚಿಸುತ್ತದೆ. ಮೈಸೂರು ಪ್ರಾಂತದವರು ಅದನ್ನು ಪಟೇಲ ಅಥವಾ ಗೌಡ ಎಂಬ ಪದಗಳೊಡನೆ ಹೋಲಿಸಿ ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಕನ್ನಡದಲ್ಲಿ ರೂಪಾಂತರದ ಹಿನ್ನೆಲೆ

ಅನ್ಯಭಾಷೆಯ ಕಥೆಯನ್ನು ನಾಡಿನ ಮಣ್ಣಿಗೆ ಒಗ್ಗಿಸುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸ್‌ನ ‘ಅಯಾಸ್’ ನಾಟಕವನ್ನು ಮಹಾಭಾರತದ ಆವರಣಕ್ಕೆ ತಂದು ‘ಅಶ್ವತ್ಥಾಮನ್’ ರಚಿಸಿದರು. ಮೈಸೂರಿನ ಒಂಟಿಕೊಪ್ಪಲಿನ ‘ಉದಯರವಿ’ ಮನೆಯಲ್ಲಿ ದೀರ್ಘಕಾಲ ನೆಲೆಸಿದ್ದ ಕುವೆಂಪು ಅವರು ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿನ ಇತಿಹಾಸಕ್ಕೆ ಅಳವಡಿಸಿ ‘ರಕ್ತಾಕ್ಷಿ’ಯನ್ನು ಬರೆದರು. ಇವು ಪದಗಳ ಅನುವಾದಗಳಲ್ಲ. ಮೂಲದ ಸಂಘರ್ಷಕ್ಕೆ ಸಮಾನವಾದ ಸಂಘರ್ಷವನ್ನು ಈ ನಾಡಿನಲ್ಲಿ ಹುಡುಕಿಕೊಂಡ ಕೃತಿಗಳು.

ಚಲನಚಿತ್ರದಲ್ಲಿ ರೀಮೇಕ್ ಬೆಳೆಯಲು ಬೇರೊಂದು ಕಾರಣವೂ ಇತ್ತು. 1960ರ ದಶಕದ ಚಳವಳಿಯ ಪರಿಣಾಮವಾಗಿ ಅನ್ಯಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದು ಹಲವು ದಶಕಗಳ ಕಾಲ ನಿಂತುಹೋಗಿತ್ತು. ಹೀಗಾಗಿ ಪರಭಾಷೆಯ ಕಥೆ ಕನ್ನಡದ ಧ್ವನಿಯಲ್ಲಿ ಬರಬೇಕಾದರೆ ಮರುನಿರ್ಮಾಣವೇ ಮುಖ್ಯ ಮಾರ್ಗವಾಗಿತ್ತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ವಿರೋಧಿಸಿದ ಚಿತ್ರೋದ್ಯಮ ಸಂಸ್ಥೆಗಳಿಗೆ ದಂಡ ವಿಧಿಸಿತು. 2017ರ ಮಾರ್ಚ್‌ನಲ್ಲಿ ತಮಿಳು ಚಿತ್ರವೊಂದರ ಡಬ್ಬಿಂಗ್ ಆವೃತ್ತಿಯಾದ ‘ಸತ್ಯದೇವ್ ಐಪಿಎಸ್’ ಬಿಡುಗಡೆಯಾಯಿತು. ಅದೇ ತಿಂಗಳಲ್ಲಿ ‘ಮನಸು ಮಲ್ಲಿಗೆ’ಯೂ ತೆರೆಗೆ ಬಂದಿತು.

ಮನಸು ಮಲ್ಲಿಗೆ

‘ಮನಸು ಮಲ್ಲಿಗೆ’ಯನ್ನು ಎಸ್. ನಾರಾಯಣ್ ನಿರ್ದೇಶಿಸಿದರು; ರಾಕ್‌ಲೈನ್ ವೆಂಕಟೇಶ್ ನಿರ್ಮಾಪಕರು. ಹದಿಹರೆಯದ ಪ್ರೇಮದ ವಸ್ತು ನಾರಾಯಣ್ ಅವರಿಗೆ ಹೊಸದಾಗಿರಲಿಲ್ಲ. ತಮಿಳಿನ ‘ಕಾದಲ್’ (2004) ಚಿತ್ರವನ್ನು ಅವರು 2007ರಲ್ಲಿ ಗಣೇಶ್ ಮತ್ತು ಅಮೂಲ್ಯ ಅವರ ತಾರಾಗಣದಲ್ಲಿ ‘ಚೆಲುವಿನ ಚಿತ್ತಾರ’ವಾಗಿ ಕನ್ನಡಕ್ಕೆ ತಂದಿದ್ದರು.

‘ಮನಸು ಮಲ್ಲಿಗೆ’ಯ ವಿಶೇಷವೆಂದರೆ ಮೂಲದ ನಾಯಕಿ ರಿಂಕು ರಾಜಗುರು ಅವರೇ ಕನ್ನಡದಲ್ಲಿಯೂ ನಾಯಕಿಯಾದದ್ದು. ನಾಯಕನ ಪಾತ್ರವನ್ನು ನಿಶಾಂತ್ ನಿರ್ವಹಿಸಿದರು. ಸಂಗೀತವೂ ಅಜಯ್-ಅತುಲ್ ಅವರದೇ. ನಾಯಕಿಯ ಮುಖ ಹಾಗೂ ಸಂಗೀತಗಾರರು ಅವರೇ ಆಗಿ ಉಳಿದು, ಮಾತು ಮತ್ತು ಊರು ಬದಲಾದ ಅಪರೂಪದ ಪ್ರಸಂಗವಿದು. ಆದರೂ ಮೂಲಕ್ಕೆ ದೊರೆತಂತಹ ಯಶಸ್ಸು ಕನ್ನಡದ ಚಿತ್ರಕ್ಕೆ ದೊರೆಯಲಿಲ್ಲ.

ಹೆಸರಿನ ಬದಲಾವಣೆಯೂ ಗಮನಾರ್ಹ. ಮರಾಠಿಯ ‘ಸೈರಾಟ್’ ಪದಕ್ಕೆ ಅಂಕೆಯಿಲ್ಲದ, ಕಟ್ಟಿಲ್ಲದ ಎಂಬ ಅರ್ಥವಿದೆ. ಕನ್ನಡದ ಹೆಸರು ಮನಸ್ಸಿನ ಕೋಮಲತೆಯನ್ನು ಮುಂದುಮಾಡುತ್ತದೆ. ಮೂಲದ ಹೆಸರು ಸಮಾಜದ ಕಟ್ಟನ್ನು ನೆನಪಿಸಿದರೆ, ಕನ್ನಡದ ಹೆಸರು ಪ್ರೇಮಕಥೆಯ ನಿರೀಕ್ಷೆಯನ್ನು ಹುಟ್ಟಿಸುತ್ತದೆ. ಒಡಿಯಾದ ‘ಲೈಲಾ ಓ ಲೈಲಾ’ (2017) ಮತ್ತು ಬಂಗಾಳಿಯ ‘ನೂರ್ ಜಹಾನ್’ (2018) ಹೆಸರುಗಳೂ ಪ್ರಸಿದ್ಧ ಪ್ರಣಯಕಥೆಗಳ ನೆನಪನ್ನೇ ಆಶ್ರಯಿಸಿವೆ. ಪಂಜಾಬಿ ಅವತರಣಿಕೆ ‘ಚನ್ನಾ ಮೇರೆಯಾ’ 2017ರಲ್ಲಿ ತೆರೆಕಂಡಿತು.

ಧಡಕ್

ಹಿಂದಿಯ ‘ಧಡಕ್’ 2018ರ ಜುಲೈ 20ರಂದು ಬಿಡುಗಡೆಯಾಯಿತು. ಶಶಾಂಕ್ ಖೈತಾನ್ ನಿರ್ದೇಶನದ ಈ ಚಿತ್ರದಲ್ಲಿ ಜಾಹ್ನವಿ ಕಪೂರ್ ಮತ್ತು ಇಶಾನ್ ಖಟ್ಟರ್ ನಟಿಸಿದ್ದಾರೆ. ಕಥೆಯು ಸೊಲ್ಲಾಪುರದ ಕಬ್ಬಿನ ಗದ್ದೆಗಳಿಂದ ರಾಜಸ್ಥಾನದ ಉದಯಪುರಕ್ಕೆ ಸ್ಥಳಾಂತರಗೊಂಡಿದೆ; ಪ್ರೇಮಿಗಳು ಓಡಿಹೋಗುವುದು ಕೋಲ್ಕತ್ತಕ್ಕೆ. ಸುಮಾರು ಮೂರು ಗಂಟೆಗಳಷ್ಟಿದ್ದ ಮೂಲವು ಎರಡೂಕಾಲು ಗಂಟೆಗಳಿಗೆ ಇಳಿದಿದೆ. ‘ಝಿಂಗಾಟ್’ ರಾಗವು ಅಮಿತಾಭ್ ಭಟ್ಟಾಚಾರ್ಯ ಅವರ ಹಿಂದಿ ಸಾಹಿತ್ಯದೊಡನೆ ಉಳಿದುಕೊಂಡಿದೆ. ಜಾತಿಯ ಪ್ರಶ್ನೆಯು ಇಲ್ಲಿ ಹಿನ್ನೆಲೆಗೆ ಸರಿದು, ಶ್ರೀಮಂತಿಕೆ ಮತ್ತು ಮನೆತನದ ಪ್ರತಿಷ್ಠೆಯೇ ಮುಂದೆ ಬಂದಿತೆಂದು ಅನೇಕ ವಿಮರ್ಶಕರು ಆಕ್ಷೇಪಿಸಿದರು.

ಮುಕ್ತಾಯವೂ ಬದಲಾಗಿದೆ. ಸೈರಾಟ್‌ನಲ್ಲಿ ತಂದೆತಾಯಿಗಳಿಬ್ಬರೂ ಹತರಾಗುತ್ತಾರೆ. ಏನೂ ಅರಿಯದ ಮಗು ನೆತ್ತರು ಮೆತ್ತಿದ ಹೆಜ್ಜೆಗಳನ್ನು ಮೂಡಿಸುತ್ತ ಹೊರಗೆ ನಡೆಯುತ್ತದೆ. ಆಗ ಪರದೆಯಲ್ಲಿ ಯಾವ ಧ್ವನಿಯೂ ಇರುವುದಿಲ್ಲ. ಧಡಕ್‌ನಲ್ಲಿ ನಾಯಕನೂ ಮಗುವೂ ಸಾಯುತ್ತಾರೆ, ನಾಯಕಿ ಉಳಿಯುತ್ತಾಳೆ. ಮೂಲವು ಮುಂದಿನ ಪೀಳಿಗೆಯ ಗತಿಯೇನು ಎಂಬ ಪ್ರಶ್ನೆಯೊಡನೆ ಮುಗಿದರೆ, ಹಿಂದಿ ರೂಪವು ಬದುಕುಳಿದವಳ ಆಘಾತದೊಡನೆ ಮುಗಿಯುತ್ತದೆ.

ಮಹತ್ವ

ಉಪಶೀರ್ಷಿಕೆ ಮತ್ತು ಮರುನಿರ್ಮಾಣಗಳ ನಷ್ಟಗಳು ಒಂದೇ ಬಗೆಯವಲ್ಲ. ಉಪಶೀರ್ಷಿಕೆಯು ಮೂಲದ ಮುಖ, ಧ್ವನಿ ಮತ್ತು ನೆಲವನ್ನು ಹಾಗೆಯೇ ಉಳಿಸಿ, ಮಾತಿನ ಒಳಗಿರುವ ಸಾಮಾಜಿಕ ಸೂಚನೆಗಳನ್ನು ಬಿಟ್ಟುಕೊಡುತ್ತದೆ. ಮರುನಿರ್ಮಾಣಕ್ಕೆ ಹೊಸ ನೆಲದಲ್ಲಿ ಅಂತಹ ಸೂಚನೆಗಳನ್ನು ಮತ್ತೆ ಕಟ್ಟುವ ಅವಕಾಶವಿದೆ. ಪಾಟೀಲ, ಕಾಳೆ ಎಂಬ ಹೆಸರುಗಳಿಗೆ ಸಮನಾದ ಹೆಸರುಗಳು ಪ್ರತಿಯೊಂದು ಭಾಷೆಯಲ್ಲಿಯೂ ಇವೆ. ಅವನ್ನು ಬಳಸದಿದ್ದಾಗ ಕಥೆಯ ಘಟನೆಗಳು ಉಳಿದರೂ ಅವುಗಳ ಕಾರಣ ಮಸುಕಾಗುತ್ತದೆ. ಕೊಲೆಯು ವ್ಯವಸ್ಥೆಯ ಕ್ರೌರ್ಯವಾಗಿ ಕಾಣದೆ ಒಂದು ಕುಟುಂಬದ ಕೋಪವಾಗಿ ಕಾಣುತ್ತದೆ. ಸೈರಾಟ್‌ನ ಕೊನೆಯ ನಿಶ್ಶಬ್ದ ದೃಶ್ಯಕ್ಕೆ ಅನುವಾದದ ಅಗತ್ಯವಿಲ್ಲ. ಆದರೆ ಆ ದೃಶ್ಯವು ಏಕೆ ಸಂಭವಿಸಿತು ಎಂಬುದನ್ನು ಅರಿಯಲು ಅದಕ್ಕೆ ಹಿಂದಿನ ಮೂರು ಗಂಟೆಗಳ ಮಾತು ತಿಳಿದಿರಬೇಕಾಗುತ್ತದೆ.