‘ಟರ್ಬ್ಯುಲೆಂಟ್’ ಅಂದರೆ ಯಾರು? ಹೊಳೆಯೋ, ಜನರೋ?

ಇಂಗ್ಲಿಷ್ ಸುದ್ದಿಗಳಲ್ಲಿ ‘ಟರ್ಬ್ಯುಲೆಂಟ್’ ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ಕನ್ನಡ ಪತ್ರಿಕೆಗಳಲ್ಲಿ ನಾವು ಇದಕ್ಕೆ ‘ಪ್ರಕ್ಷುಬ್ಧ’ ಎಂದು ಬರೆಯುತ್ತೇವೆ. ಊರಲ್ಲಿ ಹಾಗೆ ಯಾರೂ ಮಾತಾಡುವುದಿಲ್ಲ. ನೀರಾದರೆ ‘ರಾಡಿ ಎದ್ದೈತಿ’ ಅಂತಾರೆ, ಜನ ಸೇರಿದ್ದರೆ ‘ಗದ್ದಲ ಆಗೇತಿ’ ಅಂತಾರೆ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಒಂದೇ ಪದ ಸಾಕು.

ಇದರ ಬೇರು ಲ್ಯಾಟಿನ್ ಭಾಷೆಯ ‘ತುರ್ಬಾ’. ಅಂದರೆ ಗದ್ದಲ, ಗದ್ದಲ ಎಬ್ಬಿಸಿದ ಗುಂಪು. ಅದೇ ಬಳಗದ ಇನ್ನೊಂದು ಪದ ‘ತುರ್ಬೋ’. ಅಂದರೆ ಸುಳಿ, ಬುಗುರಿ. 1822ರಲ್ಲಿ ಫ್ರಾನ್ಸಿನ ಎಂಜಿನಿಯರ್ ಕ್ಲೋಡ್ ಬುರ್ಡಾಂ ನೀರಿನಿಂದ ತಿರುಗುವ ಯಂತ್ರಕ್ಕೆ ‘ಟರ್ಬೈನ್’ ಎಂದು ಹೆಸರಿಟ್ಟದ್ದು ಈ ಪದದಿಂದಲೇ. ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ 1887ರಲ್ಲಿ ನೀರಿನ ಬಲದಿಂದ ಶುರುವಾದಾಗ ಘಟಪ್ರಭೆ ತಿರುಗಿಸಿದ್ದು ಇಂಥ ಟರ್ಬೈನುಗಳನ್ನೇ.

ಘಟಪ್ರಭೆಯನ್ನೇ ಸ್ವಲ್ಪ ನೋಡೋಣ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ಸುಮಾರು 51 ಟಿಎಂಸಿ ನೀರು ಅಲುಗಾಡದೆ ನಿಲ್ಲುತ್ತದೆ. ಅದೇ ನೀರು ಗೋಕಾಕ ಫಾಲ್ಸ್‌ನಲ್ಲಿ ಸುಮಾರು 170 ಅಡಿ ಕೆಳಕ್ಕೆ ಬಿದ್ದು ಭೋರ್ಗರೆಯುತ್ತದೆ. ಮುಂದೆ ಮೂಡಲಗಿ ತಾಲೂಕಿನ ಕಬ್ಬಿನ ಹೊಲಗಳ ಪಕ್ಕ ಮತ್ತೆ ಸಾವಕಾಶ ಹರಿಯುತ್ತದೆ. ಇದರಲ್ಲಿ ಯಾವುದು ಘಟಪ್ರಭೆಯ ಗುಣ?

1883ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಓಸ್ಬರ್ನ್ ರೆನಾಲ್ಡ್ಸ್ ಎಂಬ ಪ್ರೊಫೆಸರ್ ಒಂದು ಪ್ರಯೋಗ ಮಾಡಿ ತೋರಿಸಿದರು. ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಒಂದು ಎಳೆ ಬಿಟ್ಟರು. ನೀರು ನಿಧಾನ ಹರಿಯುವಾಗ ಎಳೆ ನೆಟ್ಟಗೆ ಸಾಗಿತು. ವೇಗ ಒಂದು ಮಿತಿ ದಾಟಿದ್ದೇ ತಡ, ಎಳೆ ಒಡೆದು ಸುಳಿಸುಳಿಯಾಗಿ ನೀರಿನಲ್ಲೆಲ್ಲ ಕಲೆಯಿತು. ನೀರು ಅದೇ, ಕೊಳವೆಯೂ ಅದೇ. ಬದಲಾದದ್ದು ವೇಗ ಒಂದೇ. ಅಂದರೆ ಪ್ರಕ್ಷುಬ್ಧತೆ ನೀರಿನ ಹುಟ್ಟುಗುಣ ಅಲ್ಲ, ಅದಕ್ಕೆ ಬಂದ ಸ್ಥಿತಿ.

ಜನರ ವಿಷಯಕ್ಕೆ ಬಂದಾಗ ಆಳುವವರು ಈ ಪದವನ್ನು ಬೇರೆ ರೀತಿ ಬಳಸಿದರು. ಕಂಪನಿ ಸರ್ಕಾರದ ಅಧಿಕಾರಿಗಳು ತಮಗೆ ಬಗ್ಗದ ಪಾಳೇಗಾರರನ್ನು, ಸಮುದಾಯಗಳನ್ನು ‘ಟರ್ಬ್ಯುಲೆಂಟ್’ ಎಂದು ಬರೆದಿಡುತ್ತಿದ್ದರು. ಅವರ ಬರಹದಲ್ಲಿ ಅದು ಜನರ ಸ್ಥಿತಿ ಆಗಿರಲಿಲ್ಲ, ಸ್ವಭಾವವೇ ಆಗಿತ್ತು. ಸ್ವಭಾವ ಎಂದ ಮೇಲೆ ‘ಯಾಕೆ ಸಿಟ್ಟಾದರು’ ಎಂದು ಕೇಳುವ ಕೆಲಸವೇ ಉಳಿಯುವುದಿಲ್ಲ.

ಮೂಡಲಗಿಯಿಂದ ಮೂಡಣಕ್ಕೆ, ಮುಧೋಳ ತಾಲೂಕಿನ ಹಲಗಲಿಯ ಕಥೆ ನಿಮಗೆ ಗೊತ್ತು. ಹತ್ತನೇ ಇಯತ್ತೆಯ ಕನ್ನಡ ಪುಸ್ತಕದಲ್ಲೂ ಓದಿರಬಹುದು. 1857ರಲ್ಲಿ ಹತಾರ ಒಪ್ಪಿಸಬೇಕೆಂದು ಸರ್ಕಾರದ ಹುಕುಂ ಬಂತು. ಬೇಡರು ಒಪ್ಪಲಿಲ್ಲ. ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. 19 ಜನರನ್ನು ಗಲ್ಲಿಗೆ ಹಾಕಿದರು. ಈ ಕಥೆಯ ಲಾವಣಿಯನ್ನು ಮುಂದೆ ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಅವರೇ ಸಂಗ್ರಹಿಸಿ ಅಚ್ಚು ಹಾಕಿಸಿದರು. ಲಾವಣಿ ಕಟ್ಟಿದವರು ಹುಕುಂ ಬಂದ ಸುದ್ದಿಯನ್ನು ಮೊದಲು ಹೇಳಿ, ಜನರ ಸಿಟ್ಟನ್ನು ಆಮೇಲೆ ಹೇಳುತ್ತಾರೆ. ಕಾರಣ ಮುಂದೆ, ಗದ್ದಲ ಹಿಂದೆ. ವರದಿ ಬರೆಯುವ ನಾವು ಅವರಿಂದ ಕಲಿಯಬೇಕಾದದ್ದು ಇದನ್ನೇ.

ಇದು ಹಳೇ ಕಾಲದ ಮಾತಷ್ಟೇ ಅಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3500 ರೂಪಾಯಿ ಕೇಳಿ ದಿನಗಟ್ಟಲೆ ರಸ್ತೆಯಲ್ಲೇ ಕೂತರು. ಹುಕ್ಕೇರಿ ತಾಲೂಕಿನ ಹತ್ತರಗಿ ಟೋಲ್ ಹತ್ತಿರ ಕಲ್ಲು ತೂರಾಟವೂ ನಡೆಯಿತು. ಕೊನೆಗೆ ಸರ್ಕಾರ 3300 ರೂಪಾಯಿ ಎಂದು ಘೋಷಿಸಿತು. ‘ಬೆಳಗಾವಿ ಪ್ರಕ್ಷುಬ್ಧ’ ಎಂದು ಎರಡೇ ಪದ ಬರೆದು ಮುಗಿಸಿದರೆ ಓದುವವರ ಕಣ್ಣಿಗೆ ಉಳಿಯುವುದು ಕಲ್ಲು ಮಾತ್ರ. ದರದ ಲೆಕ್ಕ, ಕೂತ ದಿನಗಳು, ಹೊಲದಲ್ಲಿ ಒಣಗುವ ಕಬ್ಬು ಎಲ್ಲ ಮರೆಯಾಗುತ್ತವೆ. ಕಲ್ಲು ಬಿದ್ದದ್ದನ್ನು ಮುಚ್ಚಿಡಬೇಕು ಎಂದು ನಾವು ಹೇಳುತ್ತಿಲ್ಲ. ಅದನ್ನೂ ಬರೆಯಬೇಕು, ಅದಕ್ಕೂ ಮೊದಲಿನದನ್ನೂ ಬರೆಯಬೇಕು.

ಹಾಗಾದರೆ ಈ ಪದವನ್ನು ಬಳಸುವುದು ಹೇಗೆ? ಮಳೆಗಾಲದ ಹೊಳೆಗೆ ಬಳಸಿ, ವಿಮಾನ ಕುಲುಕಿಸುವ ಗಾಳಿಗೆ ಬಳಸಿ, ಒಂದು ವಾರಕ್ಕೋ ಒಂದು ಕಾಲಕ್ಕೋ ಬಳಸಿ. ಒಂದು ಊರಿಗೆ, ಒಂದು ಜಾತಿಗೆ, ಒಬ್ಬ ಮನುಷ್ಯನಿಗೆ ಅಂಟಿಸುವ ಮೊದಲು ಮಾತ್ರ ತಡೆಯಿರಿ. ಮುಂದಿನ ಸಲ ಯಾವುದಾದರೂ ಸುದ್ದಿಯಲ್ಲಿ ‘ಪ್ರಕ್ಷುಬ್ಧ’ ಎಂದು ಕಂಡರೆ ಒಂದು ಪ್ರಶ್ನೆ ಕೇಳಿ: ನೀರು ಕಲಕಿದ್ದು ಸರಿ, ಕಲಕಿದ್ದು ಏನು? ಉತ್ತರ ಆ ಸುದ್ದಿಯಲ್ಲಿ ಇಲ್ಲದಿದ್ದರೆ ವರದಿ ಅರ್ಧಕ್ಕೇ ನಿಂತಿದೆ ಎಂದು ತಿಳಿಯಿರಿ. ಆ ಸುದ್ದಿ ನಮ್ಮದೇ ಆಗಿದ್ದರೂ ಕೇಳಲು ಸಂಕೋಚ ಬೇಡ.