ಮಣ್ಣಿನ ಗೋಡೆಗೆ ಮಣ್ಣಿನದೇ ತೇಪೆ

ಹಾಸನ ಸೀಮೆಯ ಹಳೆಯ ಮನೆಗಳಲ್ಲಿ ಗೋಡೆ ದುರಸ್ತಿ ವರ್ಷವರ್ಷವೂ ನಡೆಯುತ್ತಿದ್ದ ಕೆಲಸ. ಅರಕಲಗೂಡಿನ ಪಶ್ಚಿಮಕ್ಕೆ ಮಲೆನಾಡಿನ ಮಳೆ ತಾಕುತ್ತದೆ; ಚನ್ನರಾಯಪಟ್ಟಣದ ಕಡೆ ಬಯಲುಸೀಮೆಯ ಒಣಹವೆ; ಹೊಳೆನರಸೀಪುರಕ್ಕೆ ಹೇಮಾವತಿಯ ದಡದ ತೇವ. ಒಂದೆಡೆ ಎರಚಲು ಗೋಡೆಯ ಬುಡ ಕೊರೆದರೆ, ಇನ್ನೊಂದೆಡೆ ಬಿಸಿಲಿಗೆ ಅದರ ಮೈ ಬಿರಿಯುತ್ತಿತ್ತು.

ಮಳೆಗಾಲ ಹಿಡಿಯುವ ಮೊದಲು, ಯುಗಾದಿಯ ಆಸುಪಾಸಿನಲ್ಲಿ, ಈ ಕೆಲಸಕ್ಕೆ ಕೈಹಚ್ಚುವುದು ವಾಡಿಕೆ. ಕೆಮ್ಮಣ್ಣಿಗೆ ನೀರು ಹಾಕಿ ತುಳಿದು, ಹುಲ್ಲಿನ ಚೂರು ಬೆರೆಸಿ ಕಳಿಯಲು ಬಿಡುತ್ತಿದ್ದರು. ಸಡಿಲಗೊಂಡ ಭಾಗವನ್ನು ಗಟ್ಟಿ ಮೈ ಸಿಗುವ ತನಕ ಕೆರೆದು, ನೀರು ಚಿಮುಕಿಸಿ, ಮಣ್ಣಿನ ಮುದ್ದೆಯನ್ನು ಬೀಸಿ ಹೊಡೆದು ಕೂರಿಸಬೇಕು. ಒಣಗೋಡೆ ಹೊಸ ಮಣ್ಣಿನ ನೀರನ್ನೆಲ್ಲ ಹೀರಿಬಿಡುವುದರಿಂದ ಚಿಮುಕಿಸುವುದನ್ನು ಬಿಡುವಂತಿಲ್ಲ. ಒಂದೇ ಸಲ ದಪ್ಪಗೆ ಮೆತ್ತಿದರೆ ಒಣಗುವಾಗ ಕುಗ್ಗಿ ಅಂಚಿನ ಸುತ್ತ ಬಿರುಕು ಬಿಡುತ್ತದೆ. ಆದ್ದರಿಂದ ತೆಳುವಾಗಿ, ಆರಲು ಬಿಟ್ಟು, ಮತ್ತೆ ಬಳಿಯುತ್ತಿದ್ದರು. ಕೊನೆಗೆ ಸಗಣಿ ಬೆರೆಸಿದ ಸಾರಣೆ. ನಿಜವಾದ ಕೈಚಳಕ ಇರುವುದು ಇಲ್ಲಿಯೇ: ಅಂಗೈ ತೇಪೆಯ ಗಡಿ ದಾಟಿ ಹಳೆಯ ಗೋಡೆಯ ಮೇಲೂ ಹರಿಯಬೇಕು, ಬೆರಳಿನ ಗೆರೆಗಳು ಹಿಂದಿನ ಗೆರೆಗಳ ಜಾಡನ್ನೇ ಹಿಡಿಯಬೇಕು. ಮೇಲೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಬಿದ್ದ ಮೇಲೆ ತೇಪೆ ಎಲ್ಲಿತ್ತೆಂದು ಹುಡುಕುವುದೇ ಕಷ್ಟ. ಸಾರಣೆ, ಸುಣ್ಣ ಬಳಿಯುವುದು ಹೆಚ್ಚಾಗಿ ಮನೆಯ ಹೆಂಗಸರದೇ ಕೆಲಸವಾಗಿತ್ತು. ಆ ಕಸುಬುಗಾರಿಕೆಗೆ ಸಲ್ಲಬೇಕಾದ ಗೌರವ ಸಂದಿಲ್ಲ.

ಉಳ್ಳವರ ಮನೆ, ಗುಡಿ, ಚರ್ಚುಗಳಿಗೆ ಸುಣ್ಣದ ಗಾರೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳಿನೊಂದಿಗೆ ಎತ್ತಿನ ಗಾಣದಲ್ಲಿ ಅರೆದು, ಕರಣೆಯಿಂದ ಬಳಿಯುತ್ತಿದ್ದರು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಶೆಟ್ಟಿಹಳ್ಳಿ ಚರ್ಚು, 1979ರಲ್ಲಿ ಪೂರ್ಣಗೊಂಡ ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು. ನೀರು ಏರಿ ಇಳಿದು ಗಾರೆ ಉದುರಿದ ಕಡೆ ಒಳಗಿನ ಇಟ್ಟಿಗೆ ಕಾಣುತ್ತದೆ. ದುರಸ್ತಿ ನಿಂತ ಗೋಡೆಯ ಗತಿ ಏನೆಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ಸಿಮೆಂಟು ಕೈಗೆಟುಕಿದ ಮೇಲೆ ಮಣ್ಣಿನ ಗೋಡೆಗೂ ಅದರದೇ ತೇಪೆ ಬಿತ್ತು. ಗಟ್ಟಿ ಎಂಬ ನಂಬಿಕೆಯೇ ಮುಳುವಾಯಿತು. ಮಣ್ಣಿನಷ್ಟು ಸಲೀಸಾಗಿ ಸಿಮೆಂಟು ತೇವವನ್ನು ಹೊರಬಿಡದು. ಹಿಂದೆ ನಿಂತ ನೀರಿಗೆ ಮಣ್ಣು ಮೆತ್ತಗಾಗಿ, ತೇಪೆ ಹಳೆಯ ಗೋಡೆಯ ಒಂದು ಪದರವನ್ನೂ ಕಿತ್ತುಕೊಂಡೇ ಬೀಳುತ್ತದೆ.

ಈಚಿನ ಕಟ್ಟಡಗಳಿಗೆ ಪಿಒಪಿ, ಜಿಪ್ಸಮ್ ಹಲಗೆಗಳೂ ಬಂದಿವೆ. ಇಂಥ ಹಲಗೆಯ ಮೂಲರೂಪಕ್ಕೆ ಅಮೆರಿಕದ ಆಗಸ್ಟೀನ್ ಸ್ಯಾಕೆಟ್ 1894ರಲ್ಲಿ ಪೇಟೆಂಟ್ ಪಡೆದಿದ್ದ. ಹಲಗೆ ಒಡೆದರೆ ತುಂಡು ಕೂರಿಸಿ, ಸಂದಿಗೆ ಟೇಪು ಅಂಟಿಸಿ, ಪುಟ್ಟಿಯನ್ನು ತೆಳುವಾಗಿ ಹಲವು ಸಲ ಬಳಿಯುತ್ತಾರೆ. ಪ್ರತಿ ಪದರವೂ ಹಿಂದಿನದಕ್ಕಿಂತ ಅಗಲವಾಗಿರಬೇಕು. ತರಿತರಿ ಮೈಯಿದ್ದರೆ ಸ್ಪಂಜು ಇಲ್ಲವೇ ರೋಲರಿನಿಂದ ಅದೇ ತರಿ ಎಬ್ಬಿಸಿ, ಉಜ್ಜಿ, ಪ್ರೈಮರ್ ಹೊಡೆದು, ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಬಣ್ಣ ಬಳಿಯುತ್ತಾರೆ.