ದಾರಿಗೆ ಕೇಳಿಸುವ ಹಾಡು

ಮೋಟರ್‌ಸೈಕಲ್ಲಿಗೆ ಕಟ್ಟಿದ ಪುಟ್ಟ ಸ್ಪೀಕರ್ ಪೆಟ್ಟಿಗೆಯನ್ನು ಹುಡುಗರ ಷೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ನಡೆಯುವ ಗಾಡಿ ಸದ್ದು ಹೊತ್ತೇ ನಡೆಯಬೇಕೆಂಬ ರೂಢಿ ಎಂಜಿನ್ನಿಗಿಂತ ಹಳೆಯದು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಟ ಚಕ್ಕಡಿ, ಕೊಲ್ಲಾರಿ ಬಂಡಿಗಳ ಎತ್ತುಗಳಿಗೆ ಕೋಡಣಸು, ಜೂಲದ ಜೊತೆ ಕೊರಳಿಗೆ ಗೆಜ್ಜೆಸರವೂ ಬೇಕು. ಅದು ಕತ್ತಲ ದಾರಿಯಲ್ಲಿ ಎದುರು ಬರುವವನಿಗೆ ಎಚ್ಚರಿಕೆ, ಎತ್ತಿನ ಹೆಜ್ಜೆಗೆ ಲಯ. ಒಡೆಯನಿಗೆ ಸ್ವಲ್ಪ ಮೆರವಣಿಗೆಯೂ ಹೌದು. ಬಾಗಲಕೋಟೆಯ ಹೋಳಿಯಲ್ಲಿ ಇದೇ ರೂಢಿ ಹಬ್ಬದ ರೂಪ ತಾಳುತ್ತದೆ: ಸೋಗಿನ ಬಂಡಿಯ ಮೇಲೆ ವೇಷಧಾರಿಗಳು, ಓಣಿ ಓಣಿಯಲ್ಲಿ ಹಲಗಿಯ ಬಡಿತ. ಮೋಟರ್‌ಸೈಕಲ್ಲಿನ ಹಾಡು ಈ ಬಂಡಿಯ ವಂಶದ್ದು, ವಾಕ್‌ಮನ್ ವಂಶದ್ದಲ್ಲ ಎಂಬುದು ನನ್ನ ವಾದ.

ಯಂತ್ರ ಬಂದದ್ದೇ ಹೊರಗಿನಿಂದ, ಎತ್ತಿನ ಗೆಜ್ಜೆಗೂ ಅದಕ್ಕೂ ಏನು ನಂಟು ಎಂದು ಕೇಳಬಹುದು. ಯಂತ್ರ ಹೊರಗಿನದು, ನಿಜ. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ, ಸೋನಿಯ ವಾಕ್‌ಮನ್ ಬಂದದ್ದು 1979ರಲ್ಲಿ. ವಾಕ್‌ಮನ್ ಕಲಿಸಿದ್ದು ಕಿವಿಗೆ ಸಿಕ್ಕಿಸಿಕೊಂಡು ಒಬ್ಬನೇ ಕೇಳುವುದನ್ನು. ವಿದ್ಯುತ್ತಿನ ಲೆಕ್ಕದಲ್ಲಿ ಅದೇ ಸಲೀಸು: ಎರಡು ಪೆನ್ಸಿಲ್ ಸೆಲ್ಲು ಸಾಕು, ಗಾಡಿಯ ವೈರಿಗೆ ಕೈ ಹಾಕುವುದೇ ಬೇಡ. ಗಾಳಿ ಮತ್ತು ಎಂಜಿನ್ನಿನ ಸದ್ದನ್ನು ಮೀರಿ ಕೂಗಬೇಕಾದ ಸ್ಪೀಕರಿಗಾದರೋ ಎಷ್ಟೋ ಪಟ್ಟು ಹೆಚ್ಚು ಕರೆಂಟು ಬೇಕು. ಸಲೀಸಾದದ್ದು ಕೈಗೆಟುಕುವಂತಿದ್ದರೂ ಸವಾರರು ಪೆಟ್ಟಿಗೆ, ವೈರು, ಕ್ಲಾಂಪುಗಳ ತಾಪತ್ರಯಕ್ಕೇ ಬಿದ್ದರು ಎಂದಮೇಲೆ, ಹಾಡು ಸವಾರನ ಕಿವಿಗೆ ಬಿದ್ದರೆ ಸಾಲದು, ದಾರಿಗೂ ಕೇಳಬೇಕು ಎಂಬ ಆಸೆ ಅದರಲ್ಲಿತ್ತು.

ಆ ತಾಪತ್ರಯ ಸಣ್ಣದಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳದು 6 ವೋಲ್ಟಿನ ವ್ಯವಸ್ಥೆ. ಕಾರಿನ ಟೇಪು ಕೇಳುವುದು 12. ಸಾಲದ್ದಕ್ಕೆ ಕ್ಯಾಸೆಟ್ ತಿರುಗುವ ವಸ್ತು. ಕಲ್ಲುದಾರಿಯ ಕುಲುಕಾಟಕ್ಕೆ ರೀಲು ಎಳೆದಾಡಿ ದನಿ ಡೊಂಕಾಗುತ್ತದೆ. ಹೀಗಾಗಿ ಬಂಡಿಯಿಂದ ಇಳಿದ ಸದ್ದಿಗೆ ಗಟ್ಟಿ ನೆಲೆ ಸಿಕ್ಕಿದ್ದು ಟ್ರ್ಯಾಕ್ಟರಿನಲ್ಲಿ. ಅದರ ಬ್ಯಾಟರಿ 12 ವೋಲ್ಟಿನದು, ಸಾಮಾನ್ಯವಾಗಿ 75 ಆಂಪಿಯರ್-ಗಂಟೆಗೆ ಕಡಿಮೆಯಿಲ್ಲದ್ದು. ಮಡ್‌ಗಾರ್ಡಿನ ಮೇಲೆ ಪೆಟ್ಟಿಗೆ ಕೂರಿಸಲು ಜಾಗವೂ ಉಂಟು. ಕೃಷ್ಣಾ, ಘಟಪ್ರಭಾ ನೀರು ಕುಡಿದ ಹೊಲಗಳ ಕಬ್ಬನ್ನು ರಾತ್ರಿಯಿಡೀ ಕಾರ್ಖಾನೆಗೆ ಎಳೆಯುವ ಟ್ರ್ಯಾಕ್ಟರಿನಲ್ಲಿ ಹಾಡು ನಿದ್ದೆಗೆ ಮದ್ದು, ಹಿಂದಿನ ಗೆಜ್ಜೆಸರದಂತೆಯೇ. ಮೋಟರ್‌ಸೈಕಲ್ಲಿಗೆ ದಾರಿ ತೆರೆದದ್ದು ಆಮೇಲೆ: 100 ಸಿಸಿ ಗಾಡಿಗಳು 12 ವೋಲ್ಟಿಗೆ ಬಂದವು, ತಿರುಗುವ ರೀಲಿನ ಜಾಗಕ್ಕೆ ಅಲುಗಾಡಿದರೂ ಕೆಡದ ಮೆಮೊರಿ ಕಾರ್ಡ್ ಬಂತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗಗಳು ಮುಳುಗಿ, ನವನಗರ ದೂರದಲ್ಲಿ ಎದ್ದಮೇಲೆ ಅಲ್ಲಿ ಗಾಡಿ ಬರೀ ಷೋಕಿಯ ಮಾತಾಗಿ ಉಳಿಯಲಿಲ್ಲ.

ಹಲಗಿಯ ಜಾಗದಲ್ಲಿ ಸಿನಿಮಾ ಹಾಡು ಕೂತಿತು, ನೆಲದ ಹಾಡು ಸತ್ತಿತು ಎಂಬುದು ಇನ್ನೊಂದು ದೂರು. ಇದು ಅರ್ಧ ಸತ್ಯ ಮಾತ್ರ. ಕ್ಯಾಸೆಟ್ ಅಗ್ಗವಾದದ್ದರಿಂದಲೇ ಡೊಳ್ಳಿನ ಪದ, ಗೀಗೀ ಪದ, ಭಜನಾ ಪದ, ಶ್ರೀಕೃಷ್ಣ ಪಾರಿಜಾತ ಊರ ಗಡಿ ದಾಟಿದವು. ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ಕಾಲದಲ್ಲೂ ಉಳಿದವು. ಸದ್ದಿನ ಹಾವಳಿ ಎಂಬ ದೂರಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ತಡೆಯುತ್ತವೆ. ಹಿಂದಿನ ಗಾಡಿಯ ಹಾರ್ನ್ ಮುಚ್ಚಿಹೋಗುವಷ್ಟು ಜೋರಾದ ಹಾಡು ಗೆಜ್ಜೆಯ ಮೊದಲ ಕೆಲಸಕ್ಕೇ ಎರವು. ಗೆಜ್ಜೆಗೊಂದು ಸಂಯಮವೂ ಇತ್ತು: ಎತ್ತು ನಿಂತರೆ ಅದೂ ನಿಲ್ಲುತ್ತಿತ್ತು. ಪೆಟ್ಟಿಗೆ ಹಾಗಲ್ಲ, ಚಹಾದಂಗಡಿಯ ಮುಂದೆ ನಿಂತ ಗಾಡಿಯಲ್ಲೂ ಒದರುತ್ತದೆ. ಆದರೆ ಇಲ್ಲೊಂದು ಸ್ವಾರಸ್ಯವಿದೆ. 100 ಸಿಸಿ ಗಾಡಿಯ ಬ್ಯಾಟರಿ ಎರಡೂವರೆ-ಮೂರು ಆಂಪಿಯರ್-ಗಂಟೆಯದು. 10 ವ್ಯಾಟ್ ಎಳೆಯುವ ಪೆಟ್ಟಿಗೆಯ ತಂತಿಯನ್ನು ನೇರ ಬ್ಯಾಟರಿಗೆ ಕೊಟ್ಟು ಎಂಜಿನ್ ಆರಿಸಿ ಹಾಡು ಹಚ್ಚಿಟ್ಟರೆ ಮೂರು ತಾಸಿನಲ್ಲಿ ಬ್ಯಾಟರಿ ಬರಿದು. ಆಮೇಲೆ ಸೆಲ್ಫ್ ಒತ್ತಿದರೆ ಕಟಕಟ ಅಂದೀತು, ಕಿಕ್ಕೇ ಗತಿ. ಅದಕ್ಕೇ ಕೆಲಸ ಬಲ್ಲ ವೈರಿಂಗಿನವನು ನಡುವೆ ಒಂದು ಫ್ಯೂಜು ಇಟ್ಟು, ಕೀ ಹಾಕಿದ ಮೇಲಷ್ಟೇ ಕರೆಂಟು ಬರುವ ತಂತಿಯಿಂದ ಲೈನ್ ಎಳೆಯುತ್ತಾನೆ. ಗಾಡಿ ನಿಲ್ಲಿಸಿ ಕೀ ತೆಗೆದರೆ ಹಾಡೂ ನಿಲ್ಲುತ್ತದೆ.